ಈಸ್ಟರ್ ಬನ್ನಿಗೆ ರಾಯದುರ್ಗದ ಬಿಸಿಲು

ಬನ್ ಮಾಡುವುದು ಏನು ಮಹಾ ವಿದ್ಯೆ ಎಂದುಕೊಂಡಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಗ್ರಾಮರ್ ಅರಗಿಸಿಕೊಂಡವಳಿಗೆ ಮೈದಾ, ಯೀಸ್ಟ್ ಯಾವ ಲೆಕ್ಕ!

ಅಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಸ್ಟೆಲ್ಲಾ ಈಗ ರಾಯದುರ್ಗದಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಹಾಸ್ಟೆಲಿನಲ್ಲಿ ಒಂದೇ ಬನ್ನನ್ನು ಮುರಿದು ಹಂಚಿಕೊಂಡವರು ನಾವು. ಆ ಕ್ಲಾಸಿನವರಲ್ಲಿ ಈ ಊರಲ್ಲಿ ಉಳಿದಿರುವುದೂ ನಾವಿಬ್ಬರೇ. ಪ್ರತಿ ಈಸ್ಟರ್‌ಗೆ ಏಲಕ್ಕಿ, ದಾಲ್ಚಿನ್ನಿ, ಒಣದ್ರಾಕ್ಷಿ ಹಾಕಿದ ಸಿಹಿ ಬನ್ ಮಾಡಿ, ಮೇಲೆ ಶಿಲುಬೆಯ ಗೆರೆ ಎಳೆದು, ಚರ್ಚಿನಿಂದ ಮನೆಗೆ ಬಂದವರಿಗೆಲ್ಲ ಹಂಚುವುದು ಅವಳ ನೇಮ. ಅವಳ ತಾಯಿಯ ಕಾಲದಿಂದ ಒಂದು ವರ್ಷವೂ ತಪ್ಪಿಲ್ಲ. ಈ ಸಲ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು.

"ಈ ವರ್ಷ ಬನ್ ಇಲ್ಲ ಬಿಡೇ" ಎಂದು ಅವಳು ಕಣ್ಣು ಒರೆಸಿಕೊಂಡಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಡೋಂಟ್ ವರಿ, ಮೈ ಡಿಯರ್. ನಾನಿಲ್ಲೇನು?"

ಸ್ಟೆಲ್ಲಾ ರೆಸಿಪಿ ಕೊಟ್ಟಳು. ಕೊಡುವ ಮೊದಲು ಎರಡು ಸಲ ನನ್ನ ಮುಖ ನೋಡಿದಳು.

ಶನಿವಾರ ಬೆಳಿಗ್ಗೆ ಹಿಟ್ಟು ನಾದಿದೆ. "ಬೆಚ್ಚನೆಯ ಜಾಗದಲ್ಲಿಡಿ" ಎಂದಿತ್ತು ರೆಸಿಪಿ. ಏಪ್ರಿಲ್ ತಿಂಗಳಲ್ಲಿ ರಾಯದುರ್ಗದಲ್ಲಿ ಬೆಚ್ಚಗಿಲ್ಲದ ಜಾಗ ಯಾವುದಿದೆ? ಆದರೂ ರೆಸಿಪಿಗೆ ಗೌರವ ಕೊಡಬೇಕು. ಪಾತ್ರೆಯನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಯಜಮಾನರು ಜೀನ್ಸ್ ಹೊಲಿಸುವ ಶೆಡ್ಡಿನಿಂದ ತಂದಿದ್ದ ದಪ್ಪ ಬಟ್ಟೆಯನ್ನೂ ಹೊದಿಸಿದೆ.

"ಯಾಕ, ಅದಕ್ಕೇನು ಚಳಿಜ್ವರ ಬಂದೈತೇನು?" ಎಂದರು ಯಜಮಾನರು.

"ನಿಮಗ ಬೇಕಿಂಗ್ ತಿಳಿಯಂಗಿಲ್ಲ ಬಿಡ್ರಿ" ಎಂದೆ.

ನಮ್ಮ ಮಾಳಿಗೆಗೂ ಪಕ್ಕದ ಮನೆಯ ಶರಣಮ್ಮನ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ. ಬೇಸಿಗೆಯಲ್ಲಿ ಯಾರ ಹಪ್ಪಳವನ್ನು ಯಾರೇ ತಿರುವಿ ಹಾಕಲಿ, ಯಾರ ಶಾವಿಗೆಯನ್ನು ಯಾರೇ ಒತ್ತಲಿ, ಕೇಳುವ ಪದ್ಧತಿ ಇಲ್ಲ. ಒಂದು ನಿದ್ದೆ ತೆಗೆದು ಮೇಲೆ ಹೋದರೆ ಪಾತ್ರೆ ಖಾಲಿ! ಹಳೆಯ ಸೀರೆಯ ಮೇಲೆ ಕಂದು ಬಣ್ಣದ ಶಾವಿಗೆ ಸಾಲುಸಾಲಾಗಿ ಒಣಗುತ್ತಿತ್ತು.

"ಬರ್ರಿ ಅಕ್ಕಾ" ಎಂದಳು ಶರಣಮ್ಮ, ಬೆವರು ಒರೆಸಿಕೊಳ್ಳುತ್ತ. "ಹಿಟ್ಟು ಇಟ್ಟು ಮರ್ತೇಬಿಟ್ಟೀರಿ. ಉಬ್ಬಿ ಉಬ್ಬಿ ಹೊರಗ ಹರಿಯಾಕತ್ತಿತ್ತು. ಪಾಪ, ವಯಸ್ಸಾದೋರು, ಎಲ್ಲಿ ಒತ್ತತಾರ ಅಂತ ನಾನೇ ಒತ್ತಿಬಿಟ್ಟೆ."

"ಅದು ಬನ್ ಹಿಟ್ಟು, ಶರಣಮ್ಮಾ!"

"ಹೌದ್ರಿ? ನಡುವ ದ್ರಾಕ್ಷಿ ಬಿದ್ದಿದ್ವು ನೋಡ್ರಿ, ಒಂದೂ ಬಿಡದಂಗ ಆರಿಸಿ ತೆಗದೀನಿ!"

ಇಷ್ಟು ಉಪಕಾರ ಮಾಡಿದವಳನ್ನು ಬೈಯುವುದಾದರೂ ಹೇಗೆ? ಥ್ಯಾಂಕ್ಯೂ ಎಂದೆ. ಕಾನ್ವೆಂಟಿನ ವಿದ್ಯೆ ಅಂದು ಉಪಯೋಗಕ್ಕೆ ಬಂದದ್ದು ಅಷ್ಟೇ.

ಮತ್ತೆ ಹಿಟ್ಟು ನಾದಿದೆ. ಈ ಸಲ ಯಾವ ಶರಣಮ್ಮನ ಕೈಗೂ ಸಿಗದ ಭದ್ರ ಜಾಗದಲ್ಲಿಟ್ಟೆ. ಫ್ರಿಡ್ಜಿನಲ್ಲಿ! ಸಂಜೆ ತೆಗೆದರೆ ಹಿಟ್ಟು ಕೂದಲೆಳೆಯಷ್ಟೂ ಉಬ್ಬದೆ, ಫೇಲಾದ ಹುಡುಗಿಯ ಹಾಗೆ ಮುದುಡಿ ಕೂತಿತ್ತು. ಇನ್ನು ಯೀಸ್ಟ್ ಇರಲಿಲ್ಲ, ಟೈಮೂ ಇರಲಿಲ್ಲ. ಉಂಡೆ ಕಟ್ಟಿ, ಕಲಸಿದ ಮೈದಾದಲ್ಲಿ ಬೆರಳದ್ದಿ ಗೆರೆ ಎಳೆಯತೊಡಗಿದೆ. ಮುಗಿಸಿ ತಿರುಗಿದರೆ, ಯಜಮಾನರು ಬನ್ನುಗಳಿಗೆ ಭಕ್ತಿಯಿಂದ ಕೈಮುಗಿದು ನಿಂತಿದ್ದಾರೆ.

"ಏನ್ರೀ ಅದು?"

"ವಿಭೂತಿ ಹಚ್ಚೀಯಲ್ಲ! ದೀಕ್ಷೆ ಯಾವಾಗ?"

ನೋಡಿದೆ. ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸುವ ಕೈ, ನನ್ನನ್ನು ಒಂದು ಮಾತೂ ಕೇಳದೆ, ಹನ್ನೆರಡು ಬನ್ನುಗಳಿಗೂ ಮೂರು ಅಡ್ಡಗೆರೆ ಎಳೆದಿತ್ತು! ಗಾಬರಿಯಲ್ಲಿ ಎಲ್ಲದರ ನಡುವೆ ಒಂದೊಂದು ಉದ್ದಗೆರೆ ಸೇರಿಸಿ, ಮರಳು ಹಾಸಿದ ಕುಕ್ಕರಿನಲ್ಲಿಟ್ಟು ಬೇಯಿಸಿದೆ. ತಳ ಕಪ್ಪಾಯಿತು, ತಲೆ ಬೆಳ್ಳಗೇ ಉಳಿಯಿತು.

ಈಸ್ಟರ್ ಬೆಳಿಗ್ಗೆ ಸ್ಟೆಲ್ಲಾಳ ಮನೆ ತುಂಬ ಜನ. ಅವಳು ಡಬ್ಬಿ ತೆರೆದಳು.

"ಬನ್ ಮ್ಯಾಲೆ ಹಳೇ ಟಿವಿ ಆಂಟೆನಾ ಯಾಕ ಬರ್ದೀಯೇ?"

"ಅದು ಶಿಲುಬೆ. ಸ್ವಲ್ಪ ಎಕ್ಸ್‌ಟ್ರಾ."

ಸ್ಟೆಲ್ಲಾ ಒಂದನ್ನು ಕಚ್ಚಿದಳು. ನಿಲ್ಲಿಸಿದಳು. ಇನ್ನೊಂದು ಕಡೆಯಿಂದ ಕಚ್ಚಿದಳು. ಕೊನೆಗೆ ಚಹಾದಲ್ಲಿ ಅದ್ದಿ, ಬಹಳ ಹೊತ್ತು ಕಾದು, ನುಂಗಿದಳು. ಆಮೇಲೆ ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. ಬಂದವರೂ ಒಂದೊಂದು ಬನ್ ತೆಗೆದುಕೊಂಡು, ಅದ್ದಿಕೊಂಡು ಕೂತರು. ಹನ್ನೆರಡೂ ಮುಗಿದವು. ಆಗ ಮಧ್ಯಾಹ್ನವಾಗಿತ್ತು.

"ನೇಮ ತಪ್ಪಲಿಲ್ಲ ನೋಡು" ಎಂದು ಅವಳು ನನ್ನ ಕೈ ಹಿಡಿದಳು. "ಆದ್ರ ಮುಂದಿನ ವರ್ಷ ನನ್ನ ಎರಡೂ ಕೈ ಮುರಿದಿದ್ರೂ ಬನ್ ನಾನೇ ಮಾಡ್ತೀನಿ. ಪ್ರಾಮಿಸ್ ಮಿ, ನೀ ಹಿಟ್ಟು ಮುಟ್ಟಬಾರದು!"

ಅಲ್ಲಿಯವರೆಗೆ ಬೆರಳು ಮಡಚಲೂ ಒಲ್ಲೆ ಎನ್ನುತ್ತಿದ್ದವಳು ಅಂದಿನಿಂದ ದಿನಕ್ಕೆ ಮೂರು ಹೊತ್ತು ವ್ಯಾಯಾಮ ಮಾಡುತ್ತಿದ್ದಾಳೆ. ಇಷ್ಟು ಬೇಗ ಗುಣ ಹೇಗೆ ಎಂದು ಡಾಕ್ಟರಿಗೇ ಆಶ್ಚರ್ಯವಂತೆ. ಔಷಧದ ಹೆಸರು ಮಾತ್ರ ಹೇಳಬೇಡ ಎಂದು ನಾನೇ ಅವಳನ್ನು ಬೇಡಿಕೊಂಡಿದ್ದೇನೆ.