ಇಪ್ಪತ್ತೆರಡು ಗುಂಡು ಮತ್ತು ಮುರುಗಲ ತುಪ್ಪ

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಮೂವತ್ತೆರಡು ವರ್ಷ ಇಡಗುಂದಿಯಿಂದ ಸಿದ್ದಾಪುರದವರೆಗೆ ಹೈಸ್ಕೂಲುಗಳಲ್ಲಿ ‘ಘರ್ಷಣೆ’ ಎಂಬ ಪಾಠ ಮಾಡಿದ ವಿಜ್ಞಾನದ ಮಾಸ್ತರ ನಾನು. ಕರಿಹಲಗೆಯ ಮೇಲೆ ನಾನು ಬರೆದ ಬಾಲ್ ಬೇರಿಂಗುಗಳನ್ನು ಸಾಲಾಗಿ ಇಟ್ಟರೆ ಶಿರಸಿಯಿಂದ ಯಲ್ಲಾಪುರ ಮುಟ್ಟುತ್ತದೆ! ಅಂಥವನು ನಿವೃತ್ತನಾಗಿ ಇಸಳೂರಿನ ಹೊಸ ಮನೆಯಲ್ಲಿ ಕಾಲು ಚಾಚಿ ಕುಳಿತಿರುವಾಗ, ಹೆಂಡತಿಯ ಸೈಕಲ್ಲು ಪೆಡಲಿನ ಬುಡದಲ್ಲಿ ‘ಕಟ್ ಕಟ್’ ಎಂದರೆ ಸುಮ್ಮನಿರಲು ಸಾಧ್ಯವೇ? ಶುಕ್ರವಾರ ಸಂಜೆ ಎದ್ದು ನಿಂತು, ‘ನಾನು’ ಎಂಬುದು ‘ಆನು’, ‘ಓಡಬೇಕು’ ಎಂಬುದು ‘ಓಡವು’ ಆಗುವ ನಮ್ಮ ಮನೆಮಾತಿನಲ್ಲಿ ಘೋಷಿಸಿದೆ.

“ಪರಿಮಳಾ! ನಾಳೆ ಆನೇ ಬಿಚ್ಚಿ ರಿಪೇರಿ ಮಾಡ್ತೆ. ಸೈಕಲ್ಲು ಬೆಣ್ಣೆ ಹಂಗೆ ಓಡವು, ನೋಡ್ತಾ ಇರು!”

ಪರಿಮಳಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಪೇಟೆಲಿ ಸೋಮನ ಸೈಕಲ್ ಅಂಗಡಿ ಇದ್ದು. ಅಲ್ಲಿಗೆ ಕೊಡಿ. ಭಾನುವಾರ ಆನು ಹೋಗವು, ನೆನಪಿದ್ದಾ?”

ನೆನಪಿಲ್ಲದೆ ಏನು? ಎರಡು ತಿಂಗಳಿಂದ ಮನೆಯಲ್ಲಿ ಅದೊಂದೇ ಜಪ. ಭಾನುವಾರ ಹೆಗಡೆಕಟ್ಟಾದಲ್ಲಿ ಅವಳ ಅಣ್ಣ ಶಾಂತಾರಾಮನ ಅರವತ್ತರ ಶಾಂತಿ. ಈ ಶಾಂತಾರಾಮ ಹುಡುಗನಾಗಿದ್ದಾಗ ಅವನಿಗೊಂದು ಸೈಕಲ್ಲಿತ್ತು. ತಂಗಿ ಮುಟ್ಟಲು ಹೋದರೆ, “ಓಡಿಸಲೆ ಕೊಡ್ತಿಲ್ಲೆ. ಬೇಕಾದ್ರೆ ತೊಳೆ!” ಎನ್ನುತ್ತಿದ್ದನಂತೆ. ಆ ಒಂದು ಮಾತನ್ನು ಪರಿಮಳಾ ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಐವತ್ತನಾಲ್ಕನೇ ವಯಸ್ಸಿನಲ್ಲಿ, ಮೊಣಕಾಲು ಎರಡು ಸಲ ತರಚಿಕೊಂಡು ಸೈಕಲ್ ಕಲಿತಿದ್ದಳು. ಅಣ್ಣನಿಗೆ ಫೋನು ಮಾಡಿ, “ನಿನ್ನ ಶಾಂತಿಗೆ ಆನು ಸೈಕಲ್ ಮೇಲೇ ಬತ್ತೆ” ಎಂದೂ ಹೇಳಿಯಾಗಿತ್ತು. ಅವನು ಐದು ನಿಮಿಷ ನಕ್ಕು, ಫೋನಿಟ್ಟು, ಊರಿಗೆಲ್ಲ ಹೇಳಿದ್ದ. ಅಂದರೆ ಭಾನುವಾರ ಇಡೀ ನೆಂಟರ ಪಟಾಲಂ ಅಂಗಳದ ಬಾಗಿಲಾದ ದಣಪೆಯ ಹತ್ತಿರ ನಿಂತು ಕಾಯುವುದು ಖಾತ್ರಿ.

“ಅದಕ್ಕೇ ಹೇಳಿ ಆನು ಮಾಡದು! ಬಾಟಮ್ ಬ್ರಾಕೆಟ್ ಅಂದ್ರೆ ಎಂತ ಗೊತ್ತಿದ್ದಾ ನಿಂಗೆ?” ಎಂದು ಪಾಠವನ್ನೇ ಶುರು ಮಾಡಿದೆ. “ಎರಡು ಪೆಡಲಿನ ನಡುವೆ ಒಂದು ಕೊಳವೆ. ಒಳಗೊಂದು ಅಚ್ಚು. ಆ ಬದಿಗೊಂದು, ಈ ಬದಿಗೊಂದು ಬಟ್ಟಲಿನಂಥಾ ಕಪ್ಪು. ಕಪ್ಪಿನೊಳಗೆ ಉಕ್ಕಿನ ಗುಂಡು. ಗುಂಡು ಉರುಳಿದಾಗ ಘರ್ಷಣೆ...”

“ಅಲ್ದಾ, ಆ ಬಲಬದಿ ಕಪ್ಪು...” ಎಂದು ಅವಳು ಬಾಯಿ ತೆರೆದಳು.

“ನೀ ಸುಮ್ಮಂಗಿರು! ಇದು ವಿಜ್ಞಾನ. ನಿಂಗೆ ಗೊತ್ತಾಗ್ತಿಲ್ಲೆ.”

ಅವಳು ಬಾಯಿ ಮುಚ್ಚಿ ಒಳಗೆ ಹೋದಳು. ಆ ಮೌನಕ್ಕೆ ನಾನು ಹೆದರಬೇಕಿತ್ತು. ಹೆದರಲಿಲ್ಲ.

ಶನಿವಾರ ಬೆಳಿಗ್ಗೆ ಸೈಕಲ್ಲನ್ನು ತಾರಸಿಗೆ ಹೊತ್ತೆ. ಬಿಸಿಲು ಚೆನ್ನಾಗಿತ್ತು. ಅರ್ಧ ತಾರಸಿಯಲ್ಲಿ ಪರಿಮಳಾ ತವರಿನಿಂದ ಬಂದ ಹೊಸ ಕಾಳುಮೆಣಸನ್ನು ಒಣಗಲು ಹರವಿದ್ದಳು. ಉಳಿದರ್ಧ ನನ್ನ ಪ್ರಯೋಗಶಾಲೆ! ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಸುತ್ತಿಗೆಯಿಂದ ಕುಟ್ಟಿ ಪೆಡಲಿನ ಪಿನ್ನು ಕಳಚಿದೆ. ಎಡಗಡೆಯ ಕಪ್ಪನ್ನು ಪಾನ, ಅಂದರೆ ಸ್ಪ್ಯಾನರು, ಹಾಕಿ ಅರ್ಧ ಸಡಿಲಿಸಿದೆ. ಆಹಾ, ಎಂಥ ಕೈಚಳಕ! ಆದರೆ ಬಲಗಡೆಯ ಕಪ್ಪು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೈಯಿಂದ ತಿರುಗಿಸಿದೆ, ಎರಡು ಕೈಯಿಂದ ತಿರುಗಿಸಿದೆ, ಕೊನೆಗೆ ಪಾನದ ಮೇಲೆ ಕಾಲಿಟ್ಟು ಎಂಬತ್ತೆರಡು ಕಿಲೋ ಭಾರವನ್ನು ವಿಜ್ಞಾನಕ್ಕೆ ಅರ್ಪಿಸಿದೆ.

“ಮಾಸ್ತರ್ರ, ಅದನ್ನ ಬಿಚ್ಚಾಕತ್ತೀರೋ, ಬಿಗಿ ಮಾಡಾಕತ್ತೀರೋ?”

ಪಕ್ಕದ ತಾರಸಿಯಿಂದ ಸಂಗಯ್ಯನವರು ಇಣುಕುತ್ತಿದ್ದರು. ಬನವಾಸಿ ಕಡೆಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಈ ಹೊತ್ತಿಗೇ ಬರಬೇಕೇ ಈ ಮನುಷ್ಯ!

“ಬಿಚ್ಚುತ್ತಾ ಇದ್ದೇನೆ ಸಂಗಯ್ಯನವರೇ. ಸ್ವಲ್ಪ ತುಕ್ಕು ಹಿಡಿದಿದೆ.”

“ತುಕ್ಕಲ್ರೀ ಯಪ್ಪಾ! ಬಲಗಡೆ ಕಪ್ಪಿಂದು ಉಲ್ಟಾ ಥ್ರೆಡ್ಡು ಇರತೈತಿ. ಎಲ್ಲಾ ನಟ್ಟು ಬಿಗಿ ಮಾಡೋ ಕಡೆ ತಿರುವಿದ್ರ ಅದು ಬಿಚ್ಚತೈತಿ. ಅರ್ಧಾ ತಾಸಿಂದ ನೋಡಾಕತ್ತೀನಿ, ಚಲೋ ಗಟ್ಟಿ ಮಾಡಿಟ್ಟೀರಿ ಬಿಡ್ರಿ!”

ಮುಖ ಕೆಂಪಾಯಿತು. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಈ ಉಲ್ಟಾ ಸಂಗತಿ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ ಕಣ್ರೀ! ಸಿಟ್ಟಿನಿಂದ ಪಾನವನ್ನು ಆ ಕಡೆಗೆ ಒಮ್ಮೆ ಒದ್ದೆ. ಕಪ್ಪು ‘ಟಣ್’ ಎಂದು ಸಡಿಲಾಯಿತು, ಸೈಕಲ್ಲು ಮಗುಚಿತು, ಅಚ್ಚು ಹೊರಬಂತು, ಗುಂಡುಗಳೆಲ್ಲ ಚಿಮ್ಮಿ ನೇರವಾಗಿ ಹೋಗಿ ಬಿದ್ದದ್ದು ಎಲ್ಲಿಗೆ ಅಂತೀರಿ? ಕಾಳುಮೆಣಸಿನ ರಾಶಿಗೆ!

ಸಂಗಯ್ಯನವರು ಎರಡೂ ಕೈ ತಲೆಯ ಮೇಲಿಟ್ಟರು. “ಒಂದ್ ಬದಿಗೆ ಹನ್ನೊಂದು, ಇನ್ನೊಂದ್ ಬದಿಗೆ ಹನ್ನೊಂದು. ಇಪ್ಪತ್ತೆರಡು ಎಣಿಸಿಕೊಳ್ರಿ ಮಾಸ್ತರ್ರ,” ಎಂದು ಹೇಳಿ ನಗು ತಡೆಯಲಾರದೆ ಕೆಳಗಿಳಿದು ಹೋದರು.

ಹಳೆಯ ಗ್ರೀಸು ಮೆತ್ತಿ ಕರ್ರಗಾದ ಗುಂಡುಗಳು. ಬಿಸಿಲಿಗೆ ಒಣಗಿ ಕರ್ರಗಾದ ಮೆಣಸು. ಓದುವ ಕನ್ನಡಕ ಕೆಳಗಿನ ಕೋಣೆಯಲ್ಲಿ. ತರಲು ಹೋದರೆ ಪರಿಮಳಾ ಎದುರಾಗುತ್ತಾಳೆ, “ಎಂತಕ್ಕೆ?” ಎನ್ನುತ್ತಾಳೆ. ಬೇಡವೇ ಬೇಡ. ನಾನು ವೈಜ್ಞಾನಿಕ ಸೂತ್ರವೊಂದನ್ನು ರಚಿಸಿದೆ: ಕಪ್ಪಗಿರಬೇಕು, ದುಂಡಗಿರಬೇಕು, ಜಿಡ್ಡು ಹತ್ತಿರಬೇಕು. ಈ ಮೂರೂ ಲಕ್ಷಣವಿದ್ದದ್ದು ಬೇರಿಂಗು! ಮಂಡಿಯೂರಿ ಒಂದೂವರೆ ತಾಸು ಹುಡುಕಿ ಇಪ್ಪತ್ತೆರಡನ್ನೂ ಆರಿಸಿದೆ. ಇಪ್ಪತ್ತೆರಡು ಅಂದರೆ ಇಪ್ಪತ್ತೆರಡು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸ್ವಂತ ಬೆನ್ನನ್ನು ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಇನ್ನು ಗ್ರೀಸು. ಡಬ್ಬಿ ತೆರೆದರೆ ಹಳೇ ಬೆಲ್ಲದಂತೆ ಗಟ್ಟಿಯಾಗಿ ಕುಳಿತಿತ್ತು. ಸೋಮನ ಅಂಗಡಿಗೆ ಹೋಗಿ ಕೇಳುವುದೇ? ಮಾನ ಏನಾಗಬೇಕು! ಅಡುಗೆಮನೆಯ ಕಪಾಟಿನಲ್ಲಿ ಮುರುಗಲ ತುಪ್ಪದ, ಅಂದರೆ ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆಯ, ಉಂಡೆ ಕಾಣಿಸಿತು. ನಮ್ಮ ಸೀಮೆಯಲ್ಲಿ ತುಟಿ ಒಡೆದರೆ ಮುರುಗಲ ತುಪ್ಪ, ಹಿಮ್ಮಡಿ ಒಡೆದರೆ ಮುರುಗಲ ತುಪ್ಪ. ಇಷ್ಟೆಲ್ಲಕ್ಕೆ ಆಗುವುದು ಸೈಕಲ್ಲಿಗೆ ಆಗದೇ? ಒಲೆಯ ಮೇಲೆ ಕರಗಿಸಿ, ಕಪ್ಪುಗಳಿಗೆ ಸುರಿದು, ಗುಂಡು ಜೋಡಿಸಿ, ಬಿಗಿದು, ಪೆಡಲು ತಿರುಗಿಸಿದೆ. ಸ್ವಾಮೀ, ಸದ್ದೇ ಇಲ್ಲ! ಬಿಟ್ಟ ಮೇಲೂ ಹದಿನೇಳು ಸುತ್ತು ತಾನಾಗಿ ತಿರುಗಿತು.

“ಆತು ನೋಡು! ಬೆಣ್ಣೆ!” ಎಂದು ಪರಿಮಳಾಳನ್ನು ಕರೆದು ತೋರಿಸಿದೆ.

ಅವಳು ಬಗ್ಗಿ, ಮೂಸಿ, “ಎಂತದೋ ಪರಿಮಳ ಬತ್ತಾ ಇದ್ದು,” ಎಂದಳು.

“ಹೊಸಾ ನಮೂನೆ ಗ್ರೀಸು,” ಎಂದೆ.

ಭಾನುವಾರ ಬೆಳಿಗ್ಗೆ ಆರೂವರೆ. ಮಾಘದ ಚಳಿ. ಪರಿಮಳಾ ಹೊಸ ಚೂಡಿದಾರ ತೊಟ್ಟು, ದೇವರಿಗೆ ಕೈಮುಗಿದು, ಸೈಕಲ್ ಹತ್ತಿ ಪೆಡಲು ತುಳಿದಳು. ಪೆಡಲು ಅಲ್ಲಾಡಲಿಲ್ಲ! ಮತ್ತೊಮ್ಮೆ ತುಳಿದಳು. ಸೈಕಲ್ಲು ನೆಟ್ಟ ಕಂಬದಂತೆ ನಿಂತಿತ್ತು. ಮುರುಗಲ ತುಪ್ಪ ಚಳಿಗೆ ಕಲ್ಲಾಗುತ್ತದೆ ಎಂಬ ಸತ್ಯ, ಪ್ರತಿ ಚಳಿಗಾಲ ಅದನ್ನು ತುಟಿಗೆ ತಿಕ್ಕಿಕೊಂಡ ನನಗೆ ಆಗ ಹೊಳೆಯಿತು. ಬಾಯಿಬಿಡದೆ ಬಚ್ಚಲಿಗೆ ಓಡಿ, ಒಂದು ಚೊಂಬು ಬಿಸಿನೀರು ತಂದು ಬಾಟಮ್ ಬ್ರಾಕೆಟ್ಟಿಗೆ ಅಭಿಷೇಕ ಮಾಡಿದೆ. ಇನ್ನೊಂದು ಚೊಂಬು. ಮತ್ತೊಂದು. ಅಷ್ಟು ಹೊತ್ತಿನಲ್ಲಿ ಪರಿಮಳಾ ತಾರಸಿಗೆ ಹೋಗಿ ಮೆಣಸನ್ನು ಚೀಲಕ್ಕೆ ತುಂಬಿ ಬಂದಳು. ಪೆಡಲು ಸಡಿಲಾಗಿತ್ತು. ಅವಳು ನನ್ನ ಮುಖ ನೋಡಿ ಸೈಕಲ್ ಹತ್ತಿದಳು.

ಮುಂದೆ ಅವಳ ಸೈಕಲ್ಲು, ಹಿಂದೆ ಹೋಳಿಗೆ ಡಬ್ಬಿ ಮತ್ತು ಪಾನದ ಚೀಲದೊಂದಿಗೆ ನನ್ನ ಸ್ಕೂಟರು. ಶಿರಸಿ ಪೇಟೆ ದಾಟುವವರೆಗೆ ಸವಾರಿ ಭರ್ಜರಿಯಾಗಿಯೇ ಸಾಗಿತು. ಬಿಸಿಲೇರುತ್ತಿದ್ದಂತೆ ತುಪ್ಪ ಕರಗಿ ತೊಟ್ಟಿಕ್ಕತೊಡಗಿತು. ತೊಟ್ಟುಗಳನ್ನು ನೆಕ್ಕುತ್ತ ಎರಡು ನಾಯಿಗಳು ಮೆರವಣಿಗೆ ಸೇರಿಕೊಂಡವು. ಅರ್ಧ ದಾರಿಗೆ ‘ಕರಕ್’ ಎಂಬ ಸದ್ದು ಹೊರಟಿತು. ಆಮೇಲೆ ‘ಕರಕ್ ಕರಕ್.’ ಗಾಳಿಯಲ್ಲಿ ಬಿಸಿ ಸಾರಿನ ಘಮ! ಹಿಂದಿದ್ದ ನಾನು ಒಂದೇ ಸಮನೆ ಏಳು ಸಲ ಸೀನಿದೆ.

ಹೆಗಡೆಕಟ್ಟಾದಲ್ಲಿ ಅವಳ ಅಣ್ಣನ ಮನೆಗೆ ಇನ್ನೊಂದೇ ತಿರುವು. ಆಚೆಯಿಂದ ನೆಂಟರ ಗೌಜು ಕೇಳುತ್ತಿತ್ತು. ಅಲ್ಲೇ ಪೆಡಲು ‘ಕ್ರ್ಯಾಂ’ ಎಂದು ಕಚ್ಚಿ ನಿಂತುಬಿಟ್ಟಿತು! ಪರಿಮಳಾ ಇಳಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಲವತ್ತು ವರ್ಷ ಕಾದವಳು, ನನ್ನ ಜಂಬದಿಂದಾಗಿ ಈಗ ಸೈಕಲ್ ದೂಡಿಕೊಂಡು ಹೋಗಬೇಕೇ?

“ತಪ್ಪಾತು ಮಾರಾಯ್ತಿ. ಆನು ಗ್ರೀಸು ಬದಲಿಗೆ...”

“ಮುರುಗಲ ತುಪ್ಪ. ಗೊತ್ತಿದ್ದು. ಪಾನದ ಚೀಲ ಕೊಡಿ ಇಲ್ಲಿ.”

ಕಣ್ಣೊರೆಸಿಕೊಂಡು ಸೈಕಲ್ಲನ್ನು ರಸ್ತೆಯ ಬದಿಗೆ ಮಗುಚಿ ಹಾಕಿದಳು. ಪಿನ್ನು ತೆಗೆದಳು. ಎಡಗಪ್ಪು ತೆಗೆದಳು. ಬಲಗಪ್ಪಿಗೆ ಪಾನ ಹಾಕಿ, ಯಾರನ್ನೂ ಕೇಳದೆ, ಉಲ್ಟಾ ಕಡೆಗೆ ಒಂದೇ ಏಟಿಗೆ ತಿರುಗಿಸಿದಳು! ನಾನು ಬಾಯಿ ಬಿಟ್ಟುಕೊಂಡು ನಿಂತೆ. ಗುಂಡುಗಳನ್ನು ಅಂಗೈಗೆ ಸುರಿದುಕೊಂಡು ಎಣಿಸಿ, ಕರಿ ಚಟ್ನಿಯಂಥದ್ದನ್ನು ಬೆರಳಲ್ಲಿ ಬಳಿದು ನನ್ನ ಮೂಗಿನ ಮುಂದೆ ಹಿಡಿದಳು.

“ಹತ್ತೊಂಬತ್ತು ಬೇರಿಂಗು, ಮೂರು ಕಾಳುಮೆಣಸು. ಮುರುಗಲ ತುಪ್ಪನೂ ಇದ್ದು. ಎರಡು ಹರಳು ಉಪ್ಪು ಎಂತಕ್ಕೆ ಬಿಟ್ರಿ?”

ನಾನು ಎಂಟನೇ ಸಲ ಸೀನಿದೆ.

ಪರ್ಸಿನಿಂದ ಉಳಿದ ಮೂರು ಗುಂಡು ಹೊರಬಂದವು. “ಬೆಳಿಗ್ಗೆ ಮೆಣಸು ತುಂಬಕಾರೆ ಸಿಕ್ಕಿತ್ತು. ಫ್ರಿಜ್ಜಿಗೆ ಅಂಟಿಸ್ತ್ವಲಿ, ಆ ಅಯಸ್ಕಾಂತ ಒಂದು ಸಲ ಮೇಲಿಂದ ಆಡಿಸಿದೆ, ಟಕ್ ಟಕ್ ಹೇಳಿ ಮೂರೂ ಹತ್ತಿಕೊಂಡ್ವು. ಬಿಚ್ಚಿ ಹಾಕಲೆ ಹೊತ್ತಿತ್ತಿಲ್ಲೆ. ನಿಂಗ ವಿಜ್ಞಾನದ ಮಾಸ್ತರು, ಅಯಸ್ಕಾಂತ ನೆನಪಾಜಿಲ್ಯಾ?”

ಆಗಿರಲಿಲ್ಲ. ಅಯಸ್ಕಾಂತದ ಪಾಠವನ್ನೂ ಮೂವತ್ತೆರಡು ವರ್ಷ ಮಾಡಿದ್ದೆ!

“ನಿಂಗೆ ಇದೆಲ್ಲ ಹೆಂಗೆ ಗೊತ್ತು?” ಎಂದು ತೊದಲಿದೆ.

“ಅಣ್ಣ ‘ಬೇಕಾದ್ರೆ ತೊಳೆ’ ಹೇಳ್ತಿದ್ದ ಅಲ್ದಾ? ಬರೇ ನೀರು ಹೊಯ್ದು ತೊಳೆತಿದ್ದೆ ಹೇಳಿ ಮಾಡಿದ್ರಾ? ಎಂಟು ವರ್ಷ ಅವನ ಸೈಕಲ್ಲು ಬಿಚ್ಚಿ, ಸೀಮೆಎಣ್ಣೆಲಿ ತೊಳೆದು, ಗ್ರೀಸು ಹಾಕಿ ಜೋಡಿಸ್ತಿದ್ದೆ. ಓಡಿಸದೊಂದು ಅವಂದು, ಉಳಿದಿದ್ದೆಲ್ಲಾ ಯಂದು.”

“ಮತ್ತೆ ಮೊದಲೇ ಹೇಳಲಾಗ್ತಿತ್ತಿಲ್ಯಾ?”

“ಬಲಬದಿ ಕಪ್ಪು ಹೇಳಿ ಶುರು ಮಾಡಿದ್ದೆ. ನಿಂಗ ‘ಇದು ವಿಜ್ಞಾನ’ ಅಂದ್ರಿ.”

ಸಂಗಯ್ಯನವರಿಂದ ಹಿಂದಿನ ದಿನವೇ ತಾನು ಗುಟ್ಟಾಗಿ ಇಸಿದುಕೊಂಡಿದ್ದ ಗ್ರೀಸನ್ನು ಸಣ್ಣ ಡಬ್ಬಿಯಿಂದ ತೆಗೆದು ಸವರಿ, ಹನ್ನೊಂದು ಈ ಕಡೆ, ಹನ್ನೊಂದು ಆ ಕಡೆ ಕೂರಿಸಿ, ಬಿಗಿದಳು. ಅಚ್ಚನ್ನು ಅಲ್ಲಾಡಿಸಿ ನೋಡಿ, ಕೂದಲೆಳೆಯಷ್ಟು ಸಡಿಲಿಸಿದಳು. ಕೈಯನ್ನು ನನ್ನ ಹೊಸ ಪಂಚೆಗೆ ಒರೆಸಿಕೊಂಡಳು.

ಆಮೇಲೆ ನೋಡಬೇಕಿತ್ತು ನೀವು! ತಿರುವಿನಾಚೆ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸುತ್ತ, ಬೆನ್ನು ನೆಟ್ಟಗಿಟ್ಟು, ಪರಿಮಳಾ ದಣಪೆ ದಾಟಿ ಅಂಗಳದ ನಟ್ಟನಡುವೆ ಸೈಕಲ್ ತಂದು ನಿಲ್ಲಿಸಿದಳು. ಸದ್ದೇ ಇಲ್ಲದ ಸೈಕಲ್ಲು! ನೆಂಟರೆಲ್ಲ ಚಪ್ಪಾಳೆ ಹೊಡೆದರು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಶಾಂತಿಯ ರೇಷ್ಮೆ ಪಂಚೆಯುಟ್ಟಿದ್ದ ಶಾಂತಾರಾಮ ಸುತ್ತ ಒಂದು ಪ್ರದಕ್ಷಿಣೆ ಬಂದು, ಸೀಟು ಮುಟ್ಟಿ, ಸಣ್ಣ ದನಿಯಲ್ಲಿ ಕೇಳಿದ.

“ತಂಗಿ, ಯಂಗೆ ಒಂದು ರೌಂಡು ಕೊಡ್ತ್ಯಾ?”

ಪರಿಮಳಾ ಸ್ಟ್ಯಾಂಡು ಹಾಕಿದಳು.

“ಓಡಿಸಲೆ ಕೊಡ್ತಿಲ್ಲೆ. ಬೇಕಾದ್ರೆ ತೊಳೆ!”

ನಗು ಎಂದರೆ ನಗು! ಎಲ್ಲರಿಗಿಂತ ಜೋರಾಗಿ ಹೊಟ್ಟೆ ಹಿಡಿದು ನಕ್ಕವನು ನಾನೇ. ಅವಳು ನನ್ನತ್ತ ತಿರುಗಿದಳು.

“ನಿಂಗ ಎಂತಕ್ಕೆ ನಗದು? ಇನ್ನೊಂದು ಬಾಲ್ದಿ ಬಾವಿಕಟ್ಟೆಲಿ ಇದ್ದು.”

ಊಟವಾದ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ನಾನೂ ಶಾಂತಾರಾಮನೂ ಸೈಕಲ್ಲಿನ ಎರಡು ಕಡೆ ಕುಕ್ಕರುಗಾಲಲ್ಲಿ ಕುಳಿತೆವು. ಜಗಲಿಯಲ್ಲಿ ಪರಿಮಳಾ ಕಾಲು ಚಾಚಿ ಕುಳಿತು ಎಲೆ-ಅಡಿಕೆಯ ಕವಳ ಹಾಕುತ್ತಿದ್ದಳು. ಶಾಂತಾರಾಮ ಬಾಟಮ್ ಬ್ರಾಕೆಟ್ಟನ್ನು ಬಟ್ಟೆಯಿಂದ ಉಜ್ಜುತ್ತ, “ಭಾವಾ, ನೀ ವಿಜ್ಞಾನದವ. ಈ ಬಲಬದಿ ಕಪ್ಪು ಬಿಚ್ಚಲೆ ಯಾವ ಕಡೆಗೆ ತಿರುಗಿಸವು?” ಎಂದು ಕೇಳಿದ.

ಘರ್ಷಣೆಯ ಪಾಠ ನಾಲಿಗೆಯ ತುದಿಗೆ ಬಂದೇ ಬಂತು. ಜಗಲಿಯ ಕಡೆ ಒಮ್ಮೆ ನೋಡಿ ಅದನ್ನು ನುಂಗಿಕೊಂಡೆ.

“ಅವಳನ್ನೇ ಕೇಳು,” ಎಂದೆ, ಬಾಲ್ದಿಯ ನೀರಿಗೆ ಬಟ್ಟೆ ಅದ್ದುತ್ತ. “ಅದು ವಿಜ್ಞಾನ. ಯಂಗೆ ಗೊತ್ತಾಗ್ತಿಲ್ಲೆ.”