ಬೋಳು ಪ್ರೋಟೀನು

ಬಂದರಿನಲ್ಲಿ ಕ್ರೇನ್ ನಡೆಸುವ ಅವನನ್ನು ಎಲ್ಲರೂ ಸೋಡಾ ಎಂದೇ ಕರೆಯುತ್ತಿದ್ದರು. ಪಾರ್ಟಿಗಳಲ್ಲಿ ಅವನು ಅದನ್ನು ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ. ಅಂಥವನನ್ನು ನೌಕರರ ವಾರ್ಷಿಕ ರಕ್ತಪರೀಕ್ಷೆಯ ವರದಿ ನೋಡಿದ ಮ್ಯಾನೇಜರು ಬೆಳಗ್ಗೆಯೇ ಕ್ರೇನಿನಿಂದ ಕೆಳಗಿಳಿಸಿದರು.

ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಒಂದು ಪ್ರೋಟೀನಿಗೆ ಸಕ್ಕರೆಯ ಬಾಲಗಳಿರುತ್ತವಂತೆ. ಕುಡಿದು ಕುಡಿದು ಲಿವರ್ ಕೆಡಿಸಿಕೊಳ್ಳುವವರಲ್ಲಿ ಆ ಬಾಲಗಳು ಕಡಿಮೆಯಾಗುತ್ತವಂತೆ. ಸೋಡಾನ ಪ್ರೋಟೀನು ಕ್ಷೌರ ಮಾಡಿಸಿಕೊಂಡಂತೆ ಬೋಳಾಗಿತ್ತು.

"ನಾನು ಕುಡಿಯಲ್ಲ ಸಾರ್."

"ಕುಡಿಯೋರೆಲ್ಲ ಹೀಗೇ ಹೇಳೋದು."

"ಕುಡಿಯದೇ ಇರೋರು ಏನು ಹೇಳ್ಬೇಕು ಸಾರ್?"

ಮ್ಯಾನೇಜರು ಕ್ರೇನಿನ ಕೀಲಿ ಕಿತ್ತುಕೊಂಡರು.

ಊಟದ ಕೋಣೆಯಲ್ಲಿ ವೆಲ್ಡರೊಬ್ಬ ಸೋಡಾನ ಹೆಗಲ ಮೇಲೆ ಕೈಯಿಟ್ಟು, ತಮ್ಮನ್ನೆಲ್ಲ ಬಿಟ್ಟು ಒಬ್ಬನೇ ಕುಡಿದದ್ದು ಸ್ನೇಹಕ್ಕೆ ದ್ರೋಹ ಎಂದು ನೊಂದುಕೊಂಡ. ಲಾರಿ ಚಾಲಕ ತನ್ನ ಭಾವನ ಲಿವರು ಕೈಕೊಟ್ಟ ಕತೆಯನ್ನು ಅನ್ನ ಕಲೆಸುತ್ತಲೇ ಬಣ್ಣಿಸಿದ. ಯಾರೋ ಪುಣ್ಯಾತ್ಮರು ಸೋಡಾನ ಹೆಂಡತಿಗೂ ಫೋನು ಮಾಡಿ ಸಮಾಧಾನ ಹೇಳಿದ್ದರು.

ಸೋಡಾ ಆಸ್ಪತ್ರೆಗೆ ಓಡಿದ. ಡಾಕ್ಟರಮ್ಮ ಬೇರೆ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದರು. ಲಿವರು ಗಟ್ಟಿಮುಟ್ಟಾಗಿತ್ತು. ಬಾಲದ ಕೊರತೆ ಹುಟ್ಟಿನಿಂದಲೇ ಬಂದಿರಬಹುದು, ಮನೆಯ ಹಿರಿಯರ ರಕ್ತ ನೋಡಿದರೆ ಖಾತ್ರಿಯಾಗುತ್ತದೆ ಎಂದರು. ಮಗನನ್ನು ನಂಬಿದ್ದ ಒಬ್ಬರೇ ಒಬ್ಬರೆಂದರೆ ಅಪ್ಪ. ಫೋನು ಇಡುವ ಮೊದಲೇ ಹೊರಟು ಬಂದು ತೋಳು ಚಾಚಿದರು. ಅವರದ್ದೂ ಬೋಳು ಪ್ರೋಟೀನೇ. ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ಓದಿ ಮ್ಯಾನೇಜರು ಒಲ್ಲದ ಮನಸ್ಸಿನಿಂದ ಕೀಲಿ ಹಿಂತಿರುಗಿಸಿದರು.

ಅಪ್ಪ ಮಗ ಗೆದ್ದವರಂತೆ ಮನೆಗೆ ಬಂದರು. ಹೆಂಡತಿ, ಅಮ್ಮ ಇಬ್ಬರೂ ಬಾಗಿಲಿಗೆ ಅಡ್ಡ ನಿಂತಿದ್ದರು. ಅಮ್ಮನ ಕಣ್ಣು ಅತ್ತು ಅತ್ತು ಕೆಂಪಾಗಿತ್ತು.

"ನಂದೇನೂ ತಪ್ಪಿಲ್ಲಮ್ಮ," ಎಂದ ಸೋಡಾ ಹೆಮ್ಮೆಯಿಂದ. "ಅಪ್ಪನ ರಕ್ತದಲ್ಲೂ ಹೀಗೇ ಇದೆ."

ಅಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಅಂದ್ರೆ ನೀವೂನಾ?"

ಹುಟ್ಟು, ವಂಶ, ಸಕ್ಕರೆಯ ಬಾಲ ಎಂದು ಅಪ್ಪ ಮಗ ಒಟ್ಟಿಗೆ ತೊದಲಿದರು. ಅಷ್ಟರಲ್ಲಿ ಬಾಗಿಲು ಧಡಾರನೆ ಮುಚ್ಚಿ, ಒಳಗಿನಿಂದ ಚಿಲಕ ಬಿತ್ತು.

ಕತ್ತಲಾಗುವವರೆಗೂ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಕೊನೆಗೆ ಅಪ್ಪ ಮಗನ ಕಡೆ ಬಾಗಿದರು.

"ಕುಡುಕರು ಅನ್ನೋ ಹೆಸರಂತೂ ಬಂದಾಯ್ತು. ಅದು ಎಲ್ಲಿ ಸಿಗತ್ತೆ ಅಂತಾದ್ರೂ ಗೊತ್ತೇನೋ?"

ಮಗನಿಗೆ ಅದೂ ಗೊತ್ತಿರಲಿಲ್ಲ.