ಭಾವನ ನಲವತ್ತೆಂಟು ಕೆ

ಕೀಂ... ಕರಕರಕರ... ಕೀಂ. ಪಾಣೆಮಂಗಳೂರಿನ ಅಕ್ಕನ ಮನೆಯ ಚಾವಡಿಯಿಂದ ಈ ಸದ್ದು ಹೊರಟಿತೆಂದರೆ ಬೀದಿನಾಯಿಗಳು ಎದ್ದು ಬೇರೆ ಜಾಗ ಹುಡುಕುತ್ತಿದ್ದವು. ಭಾವ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಚೆಸ್ ಆಟ ತುಂಬಿಸುತ್ತಿದ್ದಾರೆ ಎಂದು ಅರ್ಥ. ಕಂಪ್ಯೂಟರಿಗಾಗಿ ಹೆಂಡತಿಯ ಅಡುಗೆ ನಿಲ್ಲಿಸಿದ ಗಂಡಸು ಇಡೀ ತಾಲೂಕಿನಲ್ಲಿ ಅವರೊಬ್ಬರೇ, ಐ ಆ್ಯಮ್ ಶ್ಯೂರ್!

ಐದು ನಿಮಿಷ ಯಾರೂ ಕೆಮ್ಮಬಾರದು. ಮಿಕ್ಸಿಯಂತೂ ಸ್ಟ್ರಿಕ್ಟ್‌ಲಿ ನಿಷಿದ್ಧ. ವೋಲ್ಟೇಜ್ ಇಳಿದರೆ ತುಂಬಿದ್ದೆಲ್ಲ ಹೋಗುತ್ತದಂತೆ. ಆದರೂ ಪ್ರತಿ ಸಲ ಕೊನೆಗೆ ಪರದೆ ಬೋಳು. ಅಕ್ಕ ಮಿಕ್ಸಿ ಬಿಟ್ಟು ಕಡೆಯುವ ಕಲ್ಲಿನಲ್ಲಿ ರುಬ್ಬುತ್ತ ಕೂತಿದ್ದರೂ ಆರೋಪ ಅವಳ ಮೇಲೆಯೇ. ವರ್ಷಾನುಗಟ್ಟಲೆ ಬಂದವರ ಹತ್ತಿರವೆಲ್ಲ ಅದೇ ಮಾತು: "ನಾನು ಕಂಪ್ಯೂಟರಿನಲ್ಲಿ ಚೆಸ್ ಆಡ್ತಿದ್ದೆ. ಇವಳ ಮಿಕ್ಸಿ ಬಿಡ್ಲಿಲ್ಲ."

ಕಳೆದ ವರ್ಷ ಮೂಡುಬಿದಿರೆಯ ಮೇಷ್ಟ್ರೊಬ್ಬರು ಹಳೆಯ ಯಂತ್ರಗಳ ಪ್ರದರ್ಶನಕ್ಕೆ ಆ ಕಂಪ್ಯೂಟರನ್ನು ಕೇಳಿದರು. ಫಾರ್ಮಿನಲ್ಲಿ ಎರಡು ಖಾನೆ: ಮಾಡೆಲ್, ಮೆಮೊರಿ. ಕಂಪ್ಯೂಟರಿನ ಅಡಿಯಲ್ಲಿ ಲೇಬಲ್ ಇರಬೇಕಲ್ಲ? ದುಬೈಯಿಂದ ತರುವಾಗ ಕಸ್ಟಮ್ಸಿನವರಿಗೆ ಹೆದರಿ ಭಾವ ಅದನ್ನು ಬ್ಲೇಡಿನಲ್ಲಿ ಕೆರೆದು ತೆಗೆದು, "ನನ್ನ ಮಕ್ಕಳ ಟೈಪ್‌ರೈಟರ್" ಎಂದಿದ್ದರಂತೆ. ಆಗ ಅವರಿಗೆ ಮದುವೆಯೇ ಆಗಿರಲಿಲ್ಲ.

ಮಾಡೆಲ್ಲನ್ನು ರಬ್ಬರ್ ಕೀಗಳಿಂದ, ಮೂಲೆಯ ಬಣ್ಣದ ಪಟ್ಟಿಯಿಂದ ನಾನೇ ಮೊಬೈಲಿನಲ್ಲಿ ಪತ್ತೆ ಹಚ್ಚಿದೆ. ಆದರೆ ಅದೇ ಪೆಟ್ಟಿಗೆಯಲ್ಲಿ ಹದಿನಾರು ಕೆ ಮೆಮೊರಿಯದ್ದೂ ಬರುತ್ತಿತ್ತು, ನಲವತ್ತೆಂಟರದ್ದೂ.

"ನಲವತ್ತೆಂಟು. ಬರಿ," ಎಂದರು ಭಾವ. "ಅಂಗಡಿಯವ ಹೇಳಿದ್ದಾನೆ."

"ಮೆಷಿನ್ನನ್ನೇ ಕೇಳುವ ಭಾವ."

ಒಂದು ಸಾಲು ಟೈಪ್ ಮಾಡಿದರೆ ಅದು ತನ್ನ ಮೆಮೊರಿಯ ಕೊನೆಯ ಮನೆಯ ನಂಬರ್ ಹೇಳುತ್ತದೆ. 65535 ಬಂದರೆ ನಲವತ್ತೆಂಟು, 32767 ಬಂದರೆ ಹದಿನಾರು. ಹಳೆಯ ಟೀವಿಗೆ ಸಿಕ್ಕಿಸಿ ಟೈಪ್ ಮಾಡಿದೆ.

32767.

ಭಾವ ಕನ್ನಡಕ ಒರೆಸಿ ಮತ್ತೆ ನೋಡಿದರು. ಚೆಸ್ ಕ್ಯಾಸೆಟ್ಟೋ, ನಲವತ್ತೆಂಟರದ್ದು. ಊರಿನ ಮಿಕ್ಸಿಗಳೆಲ್ಲ ಸುಮ್ಮನಿದ್ದರೂ ಅದು ಇದರೊಳಗೆ ಹಿಡಿಯುವಂತಿರಲಿಲ್ಲ.

ಅವರು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಮಾರಾಯ್ತಿ, ಅದು ಮಿಕ್ಸಿಯಿಂದ ಅಲ್ಲ. ಇಷ್ಟು ವರ್ಷ ಸುಮ್ಮನೆ ನಿನ್ನ ಮೇಲೆ ಹೇಳಿದೆ."

ಅಕ್ಕ ತಿರುಗಲಿಲ್ಲ. "ಎರಡು ಸಲ ಬೇಕೂಂತಲೇ ಹಾಕಿದ್ದೆ," ಎಂದಳು.

ನಾನು ಫಾರ್ಮಿನಲ್ಲಿ ಹದಿನಾರು ಎಂದು ಬರೆದು, ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು, ಹೇಳಿ ಹೊರಡುವ ಎಂದು ಒಳಗೆ ಇಣುಕಿದೆ. ಭಾವ ನೆಲದಲ್ಲಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು, ಅವರು ಸುಲಿದ ಒಂದೊಂದು ಎಸಳನ್ನೂ ಎತ್ತಿ ಉಳಿದ ಸಿಪ್ಪೆ ತೆಗೆಯುತ್ತಿದ್ದಳು. ನಾನು ಮಾತಾಡಿಸದೆ ಬಸ್ಸಿಗೆ ನಡೆದೆ.

ಭಾವನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.